ಮಾರೆಮ್ಮನ ಮಗ್ಗುಲು

ಡಿಸೆಂಬರ್ 4, ಬುಧವಾರ

ಮಧ್ಯಾಹ್ನ ಎನ್‌ಎಸ್‌ಎಸ್ ಸಭೆ ಇತ್ತು. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ಸೇವೆ ಈ ವರ್ಷ ಸಾಕು ಎಂದರು ರಾಜೇಶ ಸರ್. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವುದು, ರಕ್ತದಾನ ಶಿಬಿರ, ಸಿಂಧನೂರು ಬಸ್ ನಿಲ್ದಾಣದ ಸ್ವಚ್ಛತೆ, ಕೊನೆಗೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವುದು. ಕೊನೆಯದಕ್ಕೆ ಮಸ್ಕಿಯ ಸಂಸ್ಥೆಯೊಂದು ತರಬೇತಿ ಕೊಡುತ್ತದಂತೆ. ಪಾಠ ಹೇಳಲು ಅರ್ಧ ಕ್ಲಾಸು ಕೈ ಎತ್ತಿತು. ಆರೈಕೆ ಎಂದಾಗ ಎಲ್ಲರೂ ತಲೆ ತಗ್ಗಿಸಿದರು. ಸಕೀನಾ ಎತ್ತಿದಳು. ಅವಳು ಎತ್ತಿದಳೆಂದು ನಾನೂ ಎತ್ತಿದೆ. ಆಮೇಲೆ ಇನ್ನು ಕೆಲವರು.

ಪ್ರಮಾಣಪತ್ರ ಸಿಗುತ್ತದೆ, ಮುಂದೆ ಎಂಎಸ್‌ಡಬ್ಲ್ಯೂ ಸೀಟಿಗೆ ಅನುಕೂಲವಾಗುತ್ತದೆ ಎಂದರು ಸರ್. ಮನೆಯಲ್ಲಿ ಅಪ್ಪನಿಗೆ ಆರೋಗ್ಯ ಸಮೀಕ್ಷೆ ಎಂದಷ್ಟೇ ಹೇಳಿದ್ದೇನೆ. ಅದೂ ಪೂರ್ತಿ ಸುಳ್ಳಲ್ಲ.

ಡಿಸೆಂಬರ್ 8, ಭಾನುವಾರ

ಮಸ್ಕಿಯಲ್ಲಿ ತರಬೇತಿ. ಶಿವಬಸಮ್ಮ ಸಿಸ್ಟರ್ ಜೋರು ಹೆಂಗಸು. ನನ್ನನ್ನೇ ಬೆಂಚಿನ ಮೇಲೆ ಮಲಗಿಸಿ, ಮಗ್ಗುಲು ಹೇಗೆ ಬದಲಿಸಬೇಕೆಂದು ತೋರಿಸಿದರು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ, ಮೊಣಕಾಲು ಮಡಿಸಿ, ಒಂದೇ ಸಲಕ್ಕೆ. "ಎಳೀಬ್ಯಾಡ್ರಿ. ಎಳದ್ರ ಚರ್ಮ ಕಿತ್ತು ಬರ್ತೈತಿ" ಅಂದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮಲಗಿದವರ ಮೈ ತನ್ನ ಭಾರಕ್ಕೆ ತಾನೇ ಕೊಳೆಯುತ್ತದಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡಿದೆವು.

ಡಿಸೆಂಬರ್ 11, ಬುಧವಾರ

ಸಕೀನಾಗೂ ನನಗೂ ಕೊಟ್ಟ ಫಲಾನುಭವಿಯ ಮನೆ ಬಳಗಾನೂರಿನಲ್ಲಿ, ಭತ್ತದ ಗೋದಾಮಿನ ಹಿಂದೆ. ತಗಡಿನ ಸೂರು, ಒಂದೇ ಕೋಣೆ. ಹೆಸರು ಮಾರೆಮ್ಮ, ವಯಸ್ಸು ಮೂವತ್ತರ ಒಳಗೇ ಇರಬೇಕು. ಆಗಸ್ಟಿನಲ್ಲಿ ನಾಟಿಗೆ ಹೆಂಗಸರನ್ನು ತುಂಬಿಕೊಂಡು ಹೊರಟ ಗೂಡ್ಸ್ ಗಾಡಿ ಕಾಲುವೆ ದಾರಿಯಲ್ಲಿ ಉರುಳಿತಂತೆ. ಉಳಿದವರಿಗೆ ಕೈಕಾಲು ಮುರಿದವು, ಈಕೆಗೆ ಬೆನ್ನುಮೂಳೆ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಗಂಡ ಶರಣಬಸವ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ನೋಡಿಕೊಳ್ಳುವವಳು ಅತ್ತೆ ಶೇಖರಮ್ಮ ಒಬ್ಬಳೇ.

ಬಾಗಿಲಲ್ಲೇ ವಾಸನೆ ಬಂತು. ಸಿಸ್ಟರ್ ಬೆನ್ನ ಕೆಳಗಿನ ಪಟ್ಟಿ ಬಿಚ್ಚಿದರು. ನಾನು ಹೊರಗೆ ಓಡಿ ಗೋದಾಮಿನ ಗೋಡೆಗೆ ವಾಂತಿ ಮಾಡಿದೆ. ಒಳಗೆ ಆಕೆ ನಗುವುದು ಕೇಳಿಸಿತು.

"ಒಬ್ಬಾಕಿದಾತು. ಇನ್ನೊಬ್ಬಾಕಿ ಯಾವಾಗ?"

ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಮೂಗಿನಿಂದ ಹೋಗುತ್ತಿಲ್ಲ. ಅವ್ವ ಬಡಿಸಿದ ಅನ್ನ ಹಾಗೇ ಬಿಟ್ಟೆ.

ಡಿಸೆಂಬರ್ 18, ಬುಧವಾರ

ಇಂದು ವಾಂತಿಯಾಗಲಿಲ್ಲ. ಮೂಗಿನ ಕೆಳಗೆ ವಿಕ್ಸ್ ಹಚ್ಚಿಕೊಂಡು ಹೋಗಿದ್ದೆ. ಹುಣ್ಣು ನನ್ನ ಅಂಗೈಯಷ್ಟಿದೆ. ಸಲೈನಿನಲ್ಲಿ ತೊಳೆದು, ಬಟ್ಟೆ ತುಂಬಿ, ಪಟ್ಟಿ ಹಾಕಬೇಕು. ಮಲ ಹೋಗಿದ್ದು ಆಕೆಗೆ ಗೊತ್ತಾಗಿರಲಿಲ್ಲ. ಅದನ್ನೂ ತೆಗೆದೆ. ಕೈಗವಸು ಹಾಕಿಕೊಂಡಿದ್ದರೂ ಕಣ್ಣು ಮುಚ್ಚಿಕೊಂಡೇ ಮಾಡಿದೆ.

ವರದಿಗೆ ಬೇಕೆಂದು ರಾಜೇಶ ಸರ್ ಬಂದು ಫೋಟೋ ತೆಗೆದರು.

"ನನ್ನ ಫೋಟೋ ಯಾಕ್ರೀ ಸರ? ಎಮ್ಮಿ ಮಾರಾಕ ಹಚ್ಚೀರೇನು?" ಅಂದಳು ಮಾರೆಮ್ಮ.

ಸರ್ ನಕ್ಕರು. ಆಕೆ ನಗಲಿಲ್ಲ.

ಡಿಸೆಂಬರ್ 27, ಶುಕ್ರವಾರ

ಶೇಖರಮ್ಮನ ಬಗ್ಗೆ ನನಗೆ ಸಿಟ್ಟಿತ್ತು. ವಾರದ ಹಿಂದೆ ನಾವು ಬಲಕ್ಕೆ ಮಲಗಿಸಿ ಬಂದರೆ ಇಂದಿಗೂ ಬಲಕ್ಕೇ ಮಲಗಿಸಿದ್ದಾಳೇನೋ ಅನ್ನಿಸಿತ್ತು. ಸಕೀನಾ ಕೇಳಿಯೇ ಬಿಟ್ಟಳು. ಮುದುಕಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಎರಡು ತಾಸಿಗೊಮ್ಮೆ ಹೊಳ್ಳಸ್ಬೇಕಂತ ನನಗೂ ಹೇಳ್ಯಾರವ್ವ. ಬೆಳಿಗ್ಗೆ ಹೊಲಕ್ಕ ಹೋದ್ರ ಸಂಜಿಗೆ ಬರ್ತೀನಿ. ಹೋಗದಿದ್ರ ಒಲಿ ಹತ್ತಂಗಿಲ್ಲ. ಹೊಲದಾಗ ನಿಂತು ಇಲ್ಲಿ ಹೆಂಗ ಹೊಳ್ಳಸ್ಲಿ, ನೀನ ಹೇಳು."

ಬಸ್ಸಿನಲ್ಲಿ ಬರುವಾಗ ನಾನೇ ಹೇಳಿದೆ: ವಾರಕ್ಕೊಮ್ಮೆ ಹೋಗಿ ಪಟ್ಟಿ ಕಟ್ಟಿ ಬಂದರೆ ಏನೂ ಆಗುವುದಿಲ್ಲ, ಹಗಲು ಹೊತ್ತು ಯಾರಾದರೂ ಇರಲೇಬೇಕು. ಆರೈಕೆಗೆ ಹೆಸರು ಕೊಟ್ಟ ಎಂಟು ಜನ ಇದ್ದೇವೆ. ಪಾಳಿ ಹಾಕಿಕೊಂಡರೆ ದಿನಾ ಇಬ್ಬರು ಹೋಗಬಹುದು. ಸರ್ ಒಪ್ಪಿದರು, ಬಹಳ ಖುಷಿಪಟ್ಟರು. ನಾಳೆಯಿಂದಲೇ ಶುರು. ಎರಡನೇ ಬೆಳೆಯ ನಾಟಿ ಬೇರೆ ಬಂತು, ಶೇಖರಮ್ಮನಿಗೆ ದಿನಾ ಕೆಲಸ.

ಜನವರಿ 5, ಭಾನುವಾರ

ಹುಣ್ಣಿನ ಅಂಚು ಕೆಂಪಗಾಗಿದೆ. ಕೆಂಪು ಒಳ್ಳೆಯದಂತೆ. ಸಿಸ್ಟರ್ ನನ್ನ ಬೆನ್ನು ತಟ್ಟಿದರು.

ಸಕೀನಾ ಉಗುರಿಗೆ ಹಚ್ಚುವ ಬಣ್ಣ ತಂದಿದ್ದಳು. ಮಾರೆಮ್ಮ ಕೈ ಕೊಡಲಿಲ್ಲ.

"ಕಾಲಿಗೆ ಹಚ್ಚು. ಕೈಯಂತೂ ನಾ ದಿನಾ ನೋಡ್ತೀನಿ. ಆ ಕಾಲು ಯಾರವೋ ಆಗ್ಯಾವು. ಬಣ್ಣ ಹಚ್ಚಿದ್ರರ ಗುರ್ತು ಹತ್ತಾವು."

ಹಚ್ಚಿದ ಮೇಲೆ ಕನ್ನಡಿ ಹಿಡಿದು ತೋರಿಸಿದೆವು. ಬಹಳ ಹೊತ್ತು ನೋಡಿದಳು. ನಾಟಿಯಲ್ಲಿ ತನ್ನಷ್ಟು ಚುರುಕು ಬಳಗಾನೂರಿನಲ್ಲಿ ಯಾರೂ ಇರಲಿಲ್ಲ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಹೋದರೆ ಉಳಿದವರು ಬೈಯುತ್ತಿದ್ದರು ಎಂದು ಹೇಳಿದಳು. ಗಂಡ ಫೋನು ಮಾಡಿ ಬಹಳ ದಿನವಾಯಿತಂತೆ. ಅದನ್ನೂ ನಗುತ್ತಲೇ ಹೇಳಿದಳು.

ಜನವರಿ 9, ಗುರುವಾರ

ಅಪ್ಪನಿಗೆ ಗೊತ್ತಾಗಿದೆ. ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ, ಬಳಗಾನೂರಿನವರು ದಿನಾ ಬಂದುಹೋಗುವ ಜಾಗ. ಯಾರೋ ಹೊಗಳಲೆಂದೇ ಹೇಳಿದ್ದಾರೆ: ನಿಮ್ಮ ಮಗಳು ಎಷ್ಟು ಒಳ್ಳೆಯವಳು, ಹೇಸಿಗೆಪಡದೆ ಎಲ್ಲ ತೊಳೆಯುತ್ತಾಳೆ ಎಂದು.

ಅಪ್ಪ ಬೂಟು ಕೂಡ ಬಿಚ್ಚಿರಲಿಲ್ಲ.

"ಸಮೀಕ್ಷೆ ಅಂದಿದ್ಯಲ್ಲ?"

"ಸೇವಾ, ಅಪ್ಪ. ಕಾಲೇಜಿನಿಂದ..."

"ನಮ್ಮವ್ವ ಊರ ಮಂದಿ ಹೊಲಸು ಬಳದು ಬಳದು ಸತ್ಲು. ಅದಕ್ಕ ಯಾರೂ ಸೇವಾ ಅನ್ನಲಿಲ್ಲ. ಪ್ರಮಾಣಪತ್ರ ಕೊಡಲಿಲ್ಲ. ನನ್ನ ಮಗಳು ಅದನ್ನ ಮುಟ್ಟಬಾರದಂತ ನಾ ಓದಿದೆ, ಬುದ್ಧನ ದೀಕ್ಷಾ ತಗೊಂಡೆ, ನೌಕರಿ ಮಾಡಾಕತ್ತೀನಿ. ನೀ ಪುಕ್ಕಟೆ ಹೋಗಿ ಬಳದು ಬರ್ತೀ? ಪಾಠ ಹೇಳೋ ಕೆಲಸ ಇತ್ತಲ್ಲ? ಅದು ಯಾರಿಗೆ ಹೋತು? ಇದು ನಿನಗ್ಯಾಕ ಬಂತು?"

ನಾನೇ ಕೈ ಎತ್ತಿದೆ ಎಂದೆ. ಅದು ನಿಜ. ಆದರೆ ಆ ದಿನ ಆರೈಕೆಗೆ ಕೈ ಎತ್ತಿದವರು ಯಾರ್ಯಾರು, ಎತ್ತದವರು ಯಾರ್ಯಾರು ಎಂದು ಈಗ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಿದ್ದೇನೆ. ಅಪ್ಪ ಹೇಳಿದ್ದನ್ನು ಸುಳ್ಳೆನ್ನಲು ಆಗುತ್ತಿಲ್ಲ. ಅವ್ವ ನಡುವೆ ಬಂದು ಇಬ್ಬರನ್ನೂ ಊಟಕ್ಕೆ ಕರೆದಳು. ಅಪ್ಪ ಬರಲಿಲ್ಲ.

ನಾಳೆ ನನ್ನ ಪಾಳಿ ಇದೆ.

ಜನವರಿ 13, ಸೋಮವಾರ

ಏನು ಬರೆಯಲಿ.

ಶನಿವಾರ, ಭಾನುವಾರ ಲಿಂಗಸುಗೂರಿನಲ್ಲಿ ಯುವ ಸಮಾವೇಶ. ನಮ್ಮ ಘಟಕದವರೆಲ್ಲ ಬರಲೇಬೇಕು ಎಂದರು ಸರ್. ಬಳಗಾನೂರಿನ ಪಾಳಿ ಎಂದು ಕೇಳಿದ್ದಕ್ಕೆ, ಶೇಖರಮ್ಮನಿಗೆ ತಿಳಿಸಿದ್ದೇನೆ, ಎರಡು ದಿನ ಆಕೆ ಕೆಲಸಕ್ಕೆ ಹೋಗುವುದಿಲ್ಲ ಎಂದರು. ದೊಡ್ಡ ಪರದೆಯ ಮೇಲೆ ಮಾರೆಮ್ಮನ ಫೋಟೋ ತೋರಿಸಿದರು. ಎಂಟು ಮಂದಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಸಭಾಂಗಣ ತುಂಬ ಚಪ್ಪಾಳೆ.

ಇಂದು ಬೆಳಿಗ್ಗೆ ಸಕೀನಾ, ನಾನು ಹೋದೆವು. ಮಾರೆಮ್ಮ ಎಡ ಮಗ್ಗುಲಲ್ಲಿ ಇದ್ದಳು. ತುಟಿ ಒಣಗಿತ್ತು. ತಲೆಯ ಹತ್ತಿರ ತಂಬಿಗೆ ಉರುಳಿ ಬಿದ್ದಿತ್ತು. ನಾವು ಹೊಳ್ಳಿಸಿದಾಗ ಎಡ ಸೊಂಟದ ಮೇಲೆ ಹೊಸ ಗುರುತು ಕಂಡಿತು. ಕೆಂಪಲ್ಲ. ಕಪ್ಪು.

ಸರ್ ಫೋನು ಮಾಡಿದ್ದು ಶೇಖರಮ್ಮನ ಪಕ್ಕದ ಮನೆಯವರಿಗೆ. ಅವರು ಹೇಳಲು ಮರೆತಿದ್ದರು. ಶೇಖರಮ್ಮ ಎರಡೂ ದಿನ ನಾಟಿಗೆ ಹೋಗಿದ್ದಾಳೆ. ಬಂದು ದಣಿದು ಮಲಗಿದ್ದಾಳೆ.

"ನೀವು ಬಂದು ಹೋಗಿರ್ತೀರಂತ ತಿಳಕೊಂಡೆ" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರೆಮ್ಮನನ್ನು ಕೇಳಿದೆ, ಕೂಗಬಾರದಿತ್ತೇ, ಅಕ್ಕಪಕ್ಕದವರು ಬರುತ್ತಿದ್ದರಲ್ಲ ಎಂದು.

"ಕೂಗಿದೆ. ಗೋದಾಮಿನಾಗ ಲಾರಿ ತುಂಬಾಕತ್ತಿದ್ರು."

ಜನವರಿ 14, ಮಂಗಳವಾರ

ಸಂಕ್ರಾಂತಿ. ಶಿವಬಸಮ್ಮ ಸಿಸ್ಟರ್ ಹಬ್ಬ ಬಿಟ್ಟು ಮಸ್ಕಿಯಿಂದ ಬಂದರು. ಕಪ್ಪು ಭಾಗವನ್ನು ಒತ್ತಿ ನೋಡಿದರು. ಹೊರಗೆ ಬಂದು, "ಮ್ಯಾಲ ಕಾಣೋದು ರೂಪಾಯಿ ಅಗಲ. ಒಳಗ ಎಷ್ಟು ಹೋಗೇತೋ ಗೊತ್ತಿಲ್ಲ" ಎಂದರು. ಸರ್‌ಗೆ ಫೋನು ಮಾಡಿದೆ. ಎರಡು ದಿನದಲ್ಲಿ ಅಂಥದ್ದೇನೂ ಆಗುವುದಿಲ್ಲ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಸಮಾವೇಶದ ವರದಿ ಯಾವಾಗ ಕೊಡುತ್ತೀ ಎಂದೂ ಕೇಳಿದರು.

ಜನವರಿ 17, ಶುಕ್ರವಾರ

ಜ್ವರ ಇದೆ. ಮಾತ್ರೆ ಕೊಟ್ಟೆ. ಕಪ್ಪು ಭಾಗ ಮೆತ್ತಗಾಗುತ್ತಿದೆ.

ಜನವರಿ 22, ಬುಧವಾರ

ಇಂಟರ್ನಲ್ಸ್ ಶುರುವಾಗುತ್ತವೆ ಎಂದು ನಾಲ್ವರು ಬಿಟ್ಟರು. ಹಬ್ಬಕ್ಕೆ ಊರಿಗೆ ಹೋದ ಇಬ್ಬರು ಫೋನು ಎತ್ತುತ್ತಿಲ್ಲ. ಸಕೀನಾ ಇಂದು ಬಸ್ ನಿಲ್ದಾಣದವರೆಗೆ ಬಂದು ನಿಂತುಬಿಟ್ಟಳು.

"ನನ್ನ ಕೈಲಿ ಆಗಂಗಿಲ್ಲ ಭಾರತಿ. ಕಣ್ಣು ಮುಚ್ಚಿದ್ರ ಅದ ಕಾಣ್ತದ. ನೀನರ ಹೆಂಗ ನೋಡ್ತೀ?"

ಬಸ್ಸು ಬಂತು, ಹತ್ತಿದೆ. ವಿಕ್ಸ್ ಮನೆಯಲ್ಲೇ ಮರೆತಿದ್ದೇನೆಂದು ಸಂಜೆ ವಾಪಸು ಬಂದ ಮೇಲೆ ಗೊತ್ತಾಯಿತು.

ಇಬ್ಬರು ಮಾಡುವ ಕೆಲಸವನ್ನು ಒಬ್ಬಳೇ ಮಾಡುವುದು ಕಷ್ಟ. ಹಾಸಿದ ಬಟ್ಟೆಯ ಅಂಚು ಹಿಡಿದು ನನ್ನ ಕಡೆಗೆ ಉರುಳಿಸಿಕೊಳ್ಳುತ್ತೇನೆ. ಮಾರೆಮ್ಮಕ್ಕ ಮಂಚದ ಪಟ್ಟಿ ಹಿಡಿದು ತಾನೂ ಎಳೆದುಕೊಳ್ಳುತ್ತಾಳೆ. ಕೆಲವೊಮ್ಮೆ ಇಬ್ಬರಿಗೂ ಏದುಸಿರು ಬಂದು, ಮುಖಕ್ಕೆ ಮುಖ ಹತ್ತಿರವಾಗಿ, ಹಾಗೇ ಸುಧಾರಿಸಿಕೊಳ್ಳುತ್ತೇವೆ.

ಜನವರಿ 29, ಬುಧವಾರ

ಹಾಜರಾತಿ ಕಡಿಮೆಯಾಗಿದೆ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಅಪ್ಪನಿಗೆ ಫೋನು ಹೋಗಿದೆ. ಮಧ್ಯಾಹ್ನ ಅಪ್ಪ ಬೈಕಿನಲ್ಲಿ ನೇರ ಬಳಗಾನೂರಿಗೇ ಬಂದರು. ನಾನು ಆಗ ಅಕ್ಕನ ಬಟ್ಟೆ ಬದಲಿಸುತ್ತಿದ್ದೆ. ಕೈ ತುಂಬ ಹೊಲಸಾಗಿತ್ತು. ಬಾಗಿಲಲ್ಲಿ ನೆರಳು ಬಿತ್ತು, ನೋಡಿದರೆ ಅಪ್ಪ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಬೈಯುತ್ತಾರೆಂದು ಕಾದೆ. ಮಾರೆಮ್ಮಕ್ಕ ಸೆರಗು ಎಳೆದುಕೊಂಡು, "ಯಾರವ್ವ?" ಅಂದಳು. ನಮ್ಮಪ್ಪ ಎಂದೆ.

"ಒಳಗ ಬರ್ರಿ ಅಣ್ಣ. ಕುಂದ್ರಾಕ ಜಾಗ ಇಲ್ಲ, ಆದ್ರೂ ಬರ್ರಿ."

ಅಪ್ಪ ಬರಲಿಲ್ಲ. ಬೈಕ್ ಚಾಲೂ ಆದ ಸದ್ದು ಕೇಳಿತು. ರಾತ್ರಿ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿರುವ ಅಜ್ಜಿಯ ಫೋಟೋದ ಕೆಳಗೆ ಸುಮ್ಮನೆ ಕುಳಿತಿದ್ದರು.

ಫೆಬ್ರುವರಿ 5, ಬುಧವಾರ

ಎಡ ಸೊಂಟದ ಕಪ್ಪು ತೊಗಲು ಉದುರಿದೆ. ಒಳಗೆ ಬಿಳಿ ಕಾಣುತ್ತದೆ. ಅದು ಎಲುಬು. ಅಕ್ಕನಿಗೆ ಹೇಳಿಲ್ಲ. ಕನ್ನಡಿ ಕೇಳಿದಳು, ಒಡೆದಿದೆ ಎಂದೆ.

ಗಂಜಿ ಕುಡಿಸುವಾಗ ಗೂಡಿನ ಕಡೆ ಕಣ್ಣು ತಿರುಗಿಸಿದಳು. ಭತ್ತಕ್ಕೆ ಹೊಡೆಯುವ ಔಷಧದ ಬಾಟಲಿ ಅಲ್ಲಿತ್ತು.

"ತಂಗಿ, ಅದನ್ನ ಇತ್ತ ಸರಸು. ನೀ ಏನೂ ಮಾಡಬ್ಯಾಡ. ಕೈಗೆ ಸಿಗಂಗ ಇಟ್ಟು ಬಸ್ಸಿಗೆ ಹೋಗು."

"ಹಂಗ ಅನಬ್ಯಾಡ ಅಕ್ಕ."

"ಮತ್ತ್ಹೆಂಗ ಅನ್ಲಿ? ನೀ ದಿನಾ ತೊಳಿತಿ, ನಾ ದಿನಾ ಕೊಳಿತೀನಿ. ಇಬ್ರಿಗೂ ಬಿಡುಗಡಿ ಆಗ್ಲಿ."

ನಾನು ಬಾಟಲಿ ತೆಗೆದುಕೊಂಡು ಹೊರಗೆ ಬಂದು ಶೇಖರಮ್ಮ ಬರುವವರೆಗೆ ಕಟ್ಟೆಯ ಮೇಲೆ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಆಕೆ ನೋಡಿ ಗಾಬರಿಯಾಗಲಿಲ್ಲ. "ನನಗೂ ಕೇಳ್ಯಾಳವ್ವ" ಎಂದು ಇಸಿದುಕೊಂಡಳು. ಎಲ್ಲಿಟ್ಟಳೋ ನಾನು ನೋಡಲಿಲ್ಲ.

ಫೆಬ್ರುವರಿ 7, ಶುಕ್ರವಾರ

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಗ್ಗುಲು ಬದಲಿಸುವಾಗ ಮಂಚದ ಪಟ್ಟಿ ಹಿಡಿಯುವುದಿಲ್ಲ. ಬಹಳ ಭಾರ.

ಫೆಬ್ರುವರಿ 10, ಸೋಮವಾರ

ಬೆಳಿಗ್ಗೆ ಹೋದಾಗ ಮೈ ಗಡಗಡ ನಡುಗುತ್ತಿತ್ತು, ಕರೆದರೆ ಕಣ್ಣು ಬಿಡಲಿಲ್ಲ. 108ಕ್ಕೆ ಫೋನು ಮಾಡಿದೆ. ಸಿಂಧನೂರಿನಲ್ಲಿ ಇಟ್ಟುಕೊಳ್ಳಲಿಲ್ಲ, ರಾಯಚೂರಿಗೆ ಕಳಿಸಿದರು. ನಾನೂ ಹತ್ತಿದೆ. ದಾರಿಯಲ್ಲೆಲ್ಲ ಶೇಖರಮ್ಮ ಸೊಸೆಯ ಕಾಲು ಹಿಡಿದುಕೊಂಡೇ ಕುಳಿತಿದ್ದಳು. ನಂಜು ರಕ್ತಕ್ಕೆ ಸೇರಿದೆ ಎಂದರು ಡಾಕ್ಟರ್.

ಶರಣಬಸವನಿಗೆ ಫೋನು ಮಾಡಿದೆ. ಆ ಕಡೆ ಕಾಂಕ್ರೀಟ್ ಕಲೆಸುವ ಮಷಿನ್ನಿನ ಸದ್ದು. "ಬರ್ತೀನಿ" ಅಂದ. ಆಮೇಲೆ ಬಹಳ ಹೊತ್ತು ಫೋನು ಇಡಲಿಲ್ಲ.

ಫೆಬ್ರುವರಿ 17, ಸೋಮವಾರ

ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರ್. ಅದರ ಅರ್ಥ ಶೇಖರಮ್ಮನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಬಳಗಾನೂರಿಗೆ ಬಂದ ಮೇಲೆ ಸಂಜೆ ಅಕ್ಕನಿಗೆ ಎಚ್ಚರವಾಯಿತು. ಎರಡು ಚಮಚ ನೀರು ಕುಡಿದಳು. ಹೊಳ್ಳಿಸುವಾಗ ಮಂಚದ ಪಟ್ಟಿ ಹಿಡಿಯಲು ಕೈ ಚಾಚಿದಳು. ತಾಕಲಿಲ್ಲ.

"ನಿನ್ನ ಪರೀಕ್ಷಾ ಯಾವಾಗ ಬೇ?"

ಈ ಸಲ ಬರೆಯುವುದಿಲ್ಲ ಎಂದೆ.

"ಹುಚ್ಚಿ" ಅಂದಳು.

ಫೆಬ್ರುವರಿ 19, ಬುಧವಾರ

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದರು.

"ಆಕಿ ಹೆಂಗದಾಳ?"

"ಬಾಳ ದಿನ ಇಲ್ಲ."

ಅಪ್ಪ ರೊಟ್ಟಿ ಮುರಿದರು. ಅವ್ವ ನನ್ನ ತಟ್ಟೆಗೆ ಪಲ್ಯ ಹಾಕಿದಳು.

ಫೆಬ್ರುವರಿ 21, ಶುಕ್ರವಾರ

ಅಕ್ಕ ಬೆಳಗಿನ ಜಾವ ಹೋದಳು. ಶೇಖರಮ್ಮ ಪಕ್ಕದ ಮನೆಯವರಿಂದ ಫೋನು ಮಾಡಿಸಿದಳು. ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಪ್ಪ ಬೈಕ್ ಹೊರಗೆ ತೆಗೆದಿದ್ದರು. ಹಿಂದೆ ಕುಳಿತೆ. ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಹಸಿರಾಗಿತ್ತು.

ಗುರುಗುಂಟಾದಿಂದ ಅಕ್ಕನ ತವರಿನವರು ಬಂದಿದ್ದರು. ಶರಣಬಸವ ಬಂದಿರಲಿಲ್ಲ, ಬಸ್ಸಿನಲ್ಲಿದ್ದಾನೆ ಎಂದರು. ಮೈ ತೊಳೆಯುವ ಹೊತ್ತಿಗೆ ಹೆಂಗಸರು ಸೀರೆ ಅಡ್ಡ ಹಿಡಿದರು. ಶೇಖರಮ್ಮ ನನ್ನನ್ನು ಕರೆದಳು.

"ಬಾರವ್ವ. ನನಗೊಬ್ಬಾಕಿಗೆ ಹೊಳ್ಳಸಾಕ ಆಗಂಗಿಲ್ಲ."

ಅಕ್ಕನ ಚಿಗವ್ವ ಗಾಳೆಮ್ಮ ಎಂಬವಳು ತಡೆದಳು. "ಈ ಹುಡುಗಿ ಯಾರ ಪೈಕಿ?"

ನಾನು ಹೇಳಿದೆ. ಜಾತಿ ಕೇಳಿದರೆ ಮುಚ್ಚಿಡಬಾರದೆಂದು ಅಪ್ಪ ಚಿಕ್ಕಂದಿನಿಂದ ಕಲಿಸಿದ್ದಾರೆ.

ಸೀರೆ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳೆಮ್ಮ, "ಇದು ಮನಿಯವರು ಮಾಡೋ ಕೆಲಸವ್ವ. ನೀ ಹೊರಗ ಇರು" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಶೇಖರಮ್ಮ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. "ಹೇಲುಚ್ಚಿ ಬಳಿಯೋವಾಗ ಯಾರ ಪೈಕಿ ಅಂತ ಕೇಳಾಕ ಗುರುಗುಂಟಾದಿಂದ ಒಬ್ರೂ ಬರಲಿಲ್ಲ. ಈಗ ಬಂದೀರಿ. ಸರೀರಿ ಅತ್ತ."

ಅವರು ಸರಿದರು. ಸೀರೆಯ ಆಚೆ ನಿಂತರು, ಯಾರೂ ಕೈ ಹಚ್ಚಲಿಲ್ಲ. ಶೇಖರಮ್ಮ, ನಾನು ಇಬ್ಬರೇ ತೊಳೆದೆವು. ನಾನು ಭುಜ, ಸೊಂಟ ಹಿಡಿದು ಬಲಕ್ಕೆ ಹೊಳ್ಳಿಸಿದೆ, ಶೇಖರಮ್ಮ ಕುತ್ತಿಗೆಗೆ ಕೈ ಕೊಟ್ಟಳು. ಹುಣ್ಣುಗಳಿಗೆ ಹೊಸ ಪಟ್ಟಿ ಹಾಕಿದೆ. ಮಣ್ಣಿಗೆ ಹೋಗುವ ಮೈಗೆ ಪಟ್ಟಿ ಯಾಕೆಂದು ಯಾರೂ ಕೇಳಲಿಲ್ಲ. ಸೀರೆ ಉಡಿಸಿದೆವು. ತಲೆ ಬಾಚಿದೆ.

ಹೊರಗೆ ಬಂದು ಕೈ ತೊಳೆದುಕೊಂಡೆ. ಅಪ್ಪ ಗೋದಾಮಿನ ಗೋಡೆಗೆ ಬೈಕ್ ನಿಲ್ಲಿಸಿಕೊಂಡು ನಿಂತಿದ್ದರು. ಅವರ ಹತ್ತಿರ ಹೋಗುವಷ್ಟರಲ್ಲಿ ಒಳಗೆ ಅಕ್ಕನ ಮೈಮೇಲೆ ಮತ್ತೆ ನೀರು ಸುರಿಯುವ ಸದ್ದು ಕೇಳಿತು. ಒಂದು ಕೊಡ. ಮತ್ತೊಂದು ಕೊಡ. "ತಲಿಮ್ಯಾಲಿಂದ ಹಾಕ್ರಿ, ಪೂರಾ ಹಾಕ್ರಿ" ಎಂದು ಗಾಳೆಮ್ಮನ ದನಿ. ಬೇಡವೆಂದು ಶೇಖರಮ್ಮ ಕೂಗುವುದೂ ಕೇಳಿತು, ಅವಳನ್ನು ಯಾರೋ ಸಮಾಧಾನ ಮಾಡುವುದೂ.

ಅಪ್ಪ ನನ್ನ ಮುಖ ನೋಡಿದರು.

"ಕೇಳಿಸ್ತೇನು?"

"ಹ್ಞೂಂ."

"ಇದಕ್ಕ ನಾ ಬ್ಯಾಡ ಅಂದಿದ್ದು."

"ಅವ್ರಿಗೆ ಹಿಡಿಯಾಕ ಬರಂಗಿಲ್ಲಪ್ಪ" ಎಂದೆ. "ಕುತ್ತಿಗಿ ಕೆಳಗ ಯಾರೂ ಕೈ ಕೊಟ್ಟಿರಂಗಿಲ್ಲ. ಆಕಿ ತಲಿ ಜೋತು ಬಿದ್ದಿರ್ತೈತಿ."

ಬೈಕಿನ ಕೀಲಿ ಅಪ್ಪನ ಕೈಯಲ್ಲೇ ಇತ್ತು. ನೀರಿನ ಸದ್ದು ನಿಲ್ಲುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.